ಟಮಾಟಿ ತೊಳೆದ ಜಾಣೆ

ಖಾಸಿಂ ಬೀ ಎಂಬ ಹೆಸರು ಸೂಗಮ್ಮನ ಕಿವಿಗೆ ಮೊದಲು ಬಿದ್ದದ್ದು ೧೯೭೬ರ ಒಂದು ಮಂಗಳವಾರ. ಗಂಡ ಹುಸೇನಪ್ಪ ರಾಯಚೂರಿನಿಂದ ಬಾಗಲವಾಡಕ್ಕೆ ಮರಳಿ ಖಾಲಿ ಬುಟ್ಟಿ ಇಳಿಸಿದ.

"ನಮ್ಮ ಟಮಾಟಿ ತಗೊಳ್ಳಾಕಿ ಖಾಸಿಂ ಬೀ ಅಂತ. ನನ್ನ ಕಣ್ಮುಂದನ ಮೂರು ಪಟ್ಟು ರೇಟಿಗೆ ಮಾರಿದ್ಲು ನೋಡು."

ಈ ಸಲ ಬೀಜದ ಖರ್ಚೂ ಗಿಟ್ಟದಿದ್ದರೆ ಮುಂದೆ ಜೋಳವೇ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಟೊಮೆಟೊ ಹಾಕಿಸಿದವಳು ಸೂಗಮ್ಮ. ಗಿಡದಲ್ಲಿ ಉಳಿದದ್ದು ಎರಡು ಬುಟ್ಟಿ ಹಣ್ಣು. ಅವನ್ನು ತಾನೇ ಮಾರಿ ಬೀಜದ ಖರ್ಚಿನ ಮೇಲೆ ಲಾಭ ತರುವೆನೆಂದು ಓಣಿಗೆಲ್ಲ ಸಾರಿದಳು.

ಜಾಣೆ ಏನು ಮಾಡಿದಳು? ಕೆಂಪಗೆ ಮಾಗಿದವನ್ನೇ ಆರಿಸಿ ಕಿತ್ತಳು. ಮದುಮಗಳಿಗೆ ನೀರೆರೆದಂತೆ ಒಂದೊಂದನ್ನೂ ತೊಳೆದಳು. ಒದ್ದೆ ಹಣ್ಣನ್ನೇ ಬುಟ್ಟಿಗೆ ಒತ್ತಿ ತುಂಬಿ ಬಸ್ಸಿನ ಮೇಲೆ ಹಾಕಿಸಿದಳು. ಮಾನ್ವಿ ದಾಟುವಷ್ಟರಲ್ಲಿ ಕಿಟಕಿ ಪಕ್ಕದವರ ಅಂಗಿಗೆ ರಸ ತೊಟ್ಟಿಕ್ಕಿತು.

"ಯಾರ್ದಬೇ ಇದು? ಮ್ಯಾಲ ಸಾರು ಕುದಸಾಕತ್ತೀರೇನು?" ಎಂದ ಕಂಡಕ್ಟರ್.

ಸೂಗಮ್ಮನೂ ಎಲ್ಲರ ಜೊತೆ ತಲೆಯೆತ್ತಿ, ಯಾರದೋ ಎಂಬಂತೆ ನೋಡಿದಳು.

ರಾಯಚೂರಿನ ಮಾರುಕಟ್ಟೆಯಲ್ಲಿ ಆ ಬುಟ್ಟಿಗಳನ್ನು ಯಾರೂ ಮುಟ್ಟಲಿಲ್ಲ. ಪಕ್ಕದಲ್ಲಿ ಟೊಮೆಟೊ ಮಾರುತ್ತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿದಳು.

"ತೊಳದೀಯೇನವ್ವಾ?"

"ಹೂನ್ರೀ. ಖಾಸಿಂ ಬೀ ಅಂತ ಒಬ್ಬಾಕಿ ಕಳ್ಳಿ ಅದಾಳಂತ. ನನ್ನ ಗಂಡನ ಕಡೆ ತಗೊಂಡು ಮೂರು ಪಟ್ಟು ರೇಟಿಗೆ ಮಾರ್ತಾಳಂತ. ಆಕಿಗೆ ಬುದ್ಧಿ ಕಲಸಾಕ ಬಂದೀನಿ."

"ನಾನೇ ಆಕಿ. ಕುಂದ್ರು, ಕಲಸು."

ಸೂಗಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಭೂಮಿಗೆ ಬೇರೆ ಕೆಲಸವಿತ್ತು. ದೇವದುರ್ಗ ಕಡೆಯ ಆ ಮುದುಕಿ ಬೈಯಲಿಲ್ಲ. ತನ್ನ ಬುಟ್ಟಿ ತೋರಿಸಿದಳು: ಕೆನ್ನೆ ಮಾತ್ರ ಕೆಂಪಾದ ಕಾಯಿ, ಪದರಪದರಕ್ಕೂ ಒಣ ಭತ್ತದ ಹುಲ್ಲು. ಮೆತ್ತಗಿನವು ಇವತ್ತಿನ ಹೋಟೆಲಿಗೆ, ಗಟ್ಟಿಯವು ಮನೆಗಳಿಗೆ, ಇನ್ನೂ ಅರೆಮಾಗಿದ ದೋರೆಯವು ನಾಲ್ಕು ದಿನ ಬಿಟ್ಟು ಮಾರಲು.

"ಮೂರು ಪಟ್ಟು ಕಾಣ್ತದ ನಿನ್ನ ಗಂಡಗ. ಕೊಳತದ್ದು ನನ್ನ ತಲಿ ಮ್ಯಾಲ ಬರೋದು ಕಾಣಂಗಿಲ್ಲ. ಒಡದವು ಚೆಲ್ಲಬ್ಯಾಡ. ಬೀಜ ತೆಗದು ಬೂದಿ ಹಚ್ಚಿ ಒಣಗ್ಸು."

ಲಾಭ ತರುತ್ತೇನೆಂದು ಹೋದವಳು ಹೀಗೆ ಬೀಜ ತಂದಳು, ಅದೂ ಪುಕ್ಕಟೆ. ಓಣಿಯಲ್ಲಿ ಅದನ್ನು ಲಾಭವೆಂದೇ ಹೇಳಿದಳು. ಮುಂದಿನ ಒಂಬತ್ತು ವರ್ಷ ಹುಸೇನಪ್ಪ ಟೊಮೆಟೊ ಬೆಳೆದ, ಸೂಗಮ್ಮ ವಾರಕ್ಕೆರಡು ಸಲ ಹುಲ್ಲು ಹಾಸಿದ ಬುಟ್ಟಿಯೊಡನೆ ಬಂದು ಖಾಸಿಂ ಬೀಯ ಪಕ್ಕ ಕುಳಿತು ಮಾರಿದಳು.

ಖಾಸಿಂ ಬೀ ಉಬ್ಬಸದಿಂದ ಹಾಸಿಗೆ ಹಿಡಿದಾಗ ಸೂಗಮ್ಮ ಅವಳ ಮನೆಗೆ ಹೋದಳು. ಏನೋ ದೊಡ್ಡ ಮಾತು ಬರುತ್ತದೆಂದು ಸೆರಗು ಕಣ್ಣಿಗೆ ಒತ್ತಿಕೊಂಡೇ ಕುಳಿತಳು.

ಮುದುಕಿ ಕೈ ಹಿಡಿದು ಎಳೆದಳು. "ಅಳೋದು ಆಮ್ಯಾಗ. ಮಂಚದ ಕೆಳಗ ಹುಲ್ಲಿನ್ಯಾಗ ಕಾಯಿ ಅವ. ಮೆತ್ತಗಾದ್ದೊಂದು ಇದ್ರ ಎಲ್ಲಾ ಕೆಡಸ್ತದ. ಬಗ್ಗಿ ತಿರುವಿ ಹಾಕು."