ಏನಂದ್ರಿ ಸಾರ್?
ಪೀಣ್ಯದ ಆ ಶೆಡ್ಡಿನಲ್ಲಿ ಮ್ಯಾನೇಜರ್ ಭಾನುಪ್ರಕಾಶ್ ಅವರ ಕೂಗಾಟಕ್ಕೆ ಹೆದರದವನು ಫಿಟ್ಟರ್ ನಲ್ಲಪ್ಪ ಒಬ್ಬನೇ. ಇಬ್ಬರ ಕೆಲಸ ಒಬ್ಬರೇ ಹೊತ್ತ ಸಾಹೇಬರು ಊಟ ಬಿಟ್ಟು, ಎರಡು ಫೋನು ಹಿಡಿದು ದಡದಡ ಬರುವುದು ಕಂಡರೆ ಉಳಿದವರು ಕಂಬದ ಮರೆ ಹುಡುಕುತ್ತಾರೆ; ನಲ್ಲಪ್ಪ ಹೋಗಿ ಗ್ರೈಂಡಿಂಗ್ ಮೆಷಿನ್ ಆನ್ ಮಾಡುತ್ತಾನೆ. ಅದರ ಗರ್ರೆನ್ನುವ ಸದ್ದಿಗೆ ಬೈಗುಳವೆಲ್ಲ ಪುಡಿಪುಡಿ. ಸಾಹೇಬರ ಬಾಯಿ ನಿಂತ ಮೇಲೆ ಮೆಷಿನ್ನೂ ನಿಲ್ಲಿಸಿ, ಬಲು ಮರ್ಯಾದೆಯಿಂದ "ಏನಂದ್ರಿ ಸಾರ್?" ಅನ್ನುತ್ತಾನೆ. ಬೈದದ್ದನ್ನೇ ಅದೇ ಜೋರಿನಲ್ಲಿ ಮತ್ತೆ ಬೈಯುವ ತ್ರಾಣ ಯಾವ ಮನುಷ್ಯನಿಗಿದೆ? "ಸಂಜೆಯೊಳಗೆ ಆ ನಲವತ್ತು ಪೀಸ್ ಬೇಕಿತ್ತು ನಲ್ಲಪ್ಪ" ಅಂತ ಮೆತ್ತಗೆ ಹೊರಬರುತ್ತದೆ. "ಅಷ್ಟೇ ತಾನೇ, ಕೊಡಾನ ಬುಡಿ ಸಾರ್." ಈ ಒಂದು ವಿದ್ಯೆಯಿಂದ ಹದಿನಾಲ್ಕು ವರ್ಷ ಇಡೀ ಶೆಡ್ಡನ್ನು ಕಾಪಾಡಿಕೊಂಡು ಬಂದಿದ್ದಾನೆ. ಮೊನ್ನೆ ಹೆಡ್ಡಾಫೀಸಿನಿಂದ ಫೋನ್ ಬಂತು. ಸಾಹೇಬರು ಎಲ್ಲರೆದುರೇ "ಸಾರಿ ಸಾರ್, ಸಾರಿ ಸಾರ್" ಅಂದು ಅಂದು, ಫೋನಿಟ್ಟು, ಬಂದು ಮೆಷಿನ್ ಪಕ್ಕ ನಿಂತರು. ನಲ್ಲಪ್ಪ ಅವರ ಮುಖ ನೋಡಿದ, ಮೆಷಿನ್ ಆನ್ ಮಾಡಿದ, ಬೆನ್ನು ತಿರುಗಿಸಿ ನಿಂತ. ಸಾಹೇಬರು ಬಹಳ ಹೊತ್ತು ಏನೇನೋ ಹೇಳಿಕೊಂಡರು. ಮೆಷಿನ್ ನಿಲ್ಲಿಸಿದ ಮೇಲೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಏನಂದ್ರಿ ಅಂತ ನಲ್ಲಪ್ಪ ಕೇಳಲಿಲ್ಲ.