ಬೆಲೆ ಬರುವ ಮುನ್ನ

ಕಚೇರಿಗೆ ಸೇರಿದ ಹೊಸಬಳು ಮೊದಲ ದಿನ ಕಂಡಾಗ, ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ಎಂಜಿನಿಯರ್ ಬಿಳಿ ಹಲಗೆಯೆದುರು ನಿಂತು, ಬೀಜಗಣಿತದ x ನಂಥ, ಬೆಲೆಯೇ ಗೊತ್ತಿಲ್ಲದ ಒಂದು ಅಕ್ಷರದ ವಂಶವೃಕ್ಷ ಬರೆಯುತ್ತಿದ್ದರು. ಯಂತ್ರಕಲಿಕೆಯ ಲೆಕ್ಕಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನಲ್ಲಿ, ಲೆಕ್ಕ ನಡೆಯುವ ಮೊದಲೇ ಅಂಥ ಅಕ್ಷರ ಪೂರ್ಣಾಂಕವೋ ದಶಮಾಂಶವೋ ಎಂದು ತೀರ್ಮಾನಿಸುವುದು ಅವರ ಕೆಲಸ. “ಬೆಲೆ ಆಮೇಲೆ ಬರ್ಲಿ ಕಣೇ, ಅಪ್ಪ ಅಮ್ಮ ಯಾರು ನೋಡು. ಕೂಡೋವಾಗ ಒಬ್ರು ದಶಮಾಂಶ ಆದ್ರೂ ಮಗು ದಶಮಾಂಶವೇ” ಎಂದರು. ಮುಚ್ಚಿದ ಊಟದ ಡಬ್ಬಿಯನ್ನು ಅಲ್ಲಾಡಿಸಿಯೇ ಒಳಗೇನಿದೆಯೆಂದು ಹೇಳಿ, ಸರಿಯಾದರೆ ಇಲ್ಲದ ಮೀಸೆ ತಿರುವುತ್ತಿದ್ದರು. ಎದೆಯ ಎಕ್ಸ್-ರೇ ಓದಿ ರೋಗ ಗುರುತಿಸುವ ಕಂಪ್ಯೂಟರ್ ಮಾದರಿಯ ಬಿಡುಗಡೆಯ ದಿನ, ತಾವೇ ಬರೆದ ನಿಯಮವೊಂದು ದಶಮಾಂಶವನ್ನು ಪೂರ್ಣಾಂಕವೆಂದಿದ್ದನ್ನು ಅವರೇ ಹಿಡಿದು ಎಲ್ಲರೆದುರು ಹೇಳಿದರು; ಬಿಂದುವಿನ ನಂತರದ ಅಂಕಿಗಳು ಬಿದ್ದುಹೋಗಿ ರೋಗದ ಲೆಕ್ಕವೇ ತಪ್ಪುತ್ತಿತ್ತು. “ಹೊರಗಿನವ್ರು ಯಾರೂ ನೋಡಿಲ್ವಲ್ಲಮ್ಮ, ಸುಮ್ನಿರಿ” ಎಂದರು ಮ್ಯಾನೇಜರ್. “ಅನುಭವಿಸೋದು ರೋಗಿ, ಸಾರ್” ಎಂದು ಅಕ್ಕ ಬಿಡುಗಡೆಯನ್ನೇ ನಿಲ್ಲಿಸಿದರು. ತಲೆ ಮಾತ್ರ ತಗ್ಗಿಸಲಿಲ್ಲ. ಈಗ ಅವರು ಕಂಪೈಲರ್ ವಿಭಾಗದ ಮುಖ್ಯಸ್ಥೆ. ಎಲ್ಲರ ನಿಯಮಗಳನ್ನೂ ಪರೀಕ್ಷಿಸುತ್ತಾರೆ, ತಮ್ಮದನ್ನು ಮೊದಲು.