ಹೊಗಳಿದ ಕಂಬಕ್ಕೆ ಸುತ್ತಿದ ತಂತಿ

ಬೆಳಕು ಹರಿಯುತ್ತಿದೆ. ಮುಚ್ಚಂಡಿ ಗುಡ್ಡದ ರೇಡಿಯೊ ಖಗೋಳ ಕೇಂದ್ರದಲ್ಲಿ ಸಂಗವ್ವ ಆಂಟೆನಾ ಕಂಬಗಳ ಬುಡದ ಹುಲ್ಲು ಕೊಯ್ಯುತ್ತಿದ್ದಾರೆ. ಎಂಟನೆಯ ಕಂಬ ಬಂದಾಗ ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ.

ಈ ಕಂಬಗಳ ಕೆಲಸ ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಕೇಳುವುದು. ವಿಶ್ವಕಿರಣಗಳೆಂದರೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ವಿದ್ಯುದಾವೇಶದ ಕಣಗಳು. ಗೆಲಾಕ್ಸಿಯ ಕಾಂತಕ್ಷೇತ್ರದ ಎಳೆಗಳನ್ನು ಸುತ್ತುವಾಗ ಅವು ರೇಡಿಯೊ ಅಲೆ ಹೊರಡಿಸುತ್ತವೆ. ಅಲೆ ಅಡ್ಡಕ್ಕೆ ಕಂಪಿಸುತ್ತದೆಯೋ ಉದ್ದಕ್ಕೋ ಎಂದು ನೋಡಿದರೆ ಎಳೆ ಯಾವ ಕಡೆಗಿದೆ ಎಂದು ತಿಳಿಯುತ್ತದೆ.

ಸಂಗವ್ವನದು ಕುರಿ ಕಾಯುವ ಮನೆತನ. ಪುಣೆಯಿಂದ ಬರುವ ಸಂಶೋಧಕಿ ರೂಪಾಲಿ ಅವರಿಗೆ ಇದನ್ನು ಉಣ್ಣೆಯ ಲೆಕ್ಕದಲ್ಲೇ ಹೇಳಿದ್ದರು. ನಕ್ಷತ್ರಗಳ ನಡುವಿನ ಅನಿಲದ ಕ್ಷೋಭೆ ಎಳೆಗಳನ್ನು ಜಗ್ಗಿ, ಹೊಸೆದು, ಮಡಚುತ್ತದೆ. ಗೋಜಲಾಗುತ್ತಲೇ ಕ್ಷೇತ್ರ ಗಟ್ಟಿಯಾಗುತ್ತದೆ. ವಿಶ್ವಕಿರಣಗಳು ಅವೇ ಎಳೆಗಳನ್ನು ಹೊರಕ್ಕೆ ಉಬ್ಬಿಸುತ್ತವೆ. ಕ್ಷೋಭೆ, ವಿಶ್ವಕಿರಣ, ಎರಡರಲ್ಲಿ ಯಾವುದರ ಕೈ ಮೇಲು ಎಂಬುದೇ ರೂಪಾಲಿಯವರ ಪ್ರಶ್ನೆ.

ಬೇಸಿಗೆಯಲ್ಲಿ ಒಮ್ಮೆ ರೂಪಾಲಿ ಎಂಟನೆಯ ಕಂಬವನ್ನು ತಟ್ಟಿ, ಎಲ್ಲಕ್ಕಿಂತ ಇದೇ ಚೆನ್ನಾಗಿ ಕೇಳುತ್ತದೆ ಎಂದರು.

“ಅಷ್ಟ ಹೊಗಳಿದ ಮ್ಯಾಲ ದೃಷ್ಟಿ ಆಗೂದಿಲ್ಲೇನ್ರಿ?” ಎಂದು ಸಂಗವ್ವ ನನ್ನನ್ನೇ ಕೇಳುತ್ತಾರೆ. “ಮೊದಲ ಕರಿ ಉಣ್ಣಿ ದಾರ ಕಟ್ಟಿದ್ನಿ. ಗುಬ್ಬಿ ಗೂಡಿಗೆ ಎಳಕೊಂಡ ಹೋದ್ವು. ಅದಕ್ಕ ತಂತಿ ಸುತ್ತಿದ್ನಿ.”

ಕಂಬದ ತುದಿಯಲ್ಲಿ ಅಲೆ ಹಿಡಿಯುವ ಎರಡು ಕಡ್ಡಿಗಳಿವೆ, ಒಂದು ಅಡ್ಡ, ಒಂದು ಉದ್ದ. ಅಲ್ಲಿ ಸುತ್ತಿದ ತಂತಿ ಅಡ್ಡಕಡ್ಡಿಯನ್ನು ಕಿವುಡು ಮಾಡಿತು. ಒಂದೇ ದಿಕ್ಕಿನ ಅಲೆ ಕೇಳಿಸಿದ್ದರಿಂದ ಆ ಕಂಬದ ಪ್ರಕಾರ ಗೆಲಾಕ್ಸಿಯ ಎಳೆಗಳೆಲ್ಲ ಬಾಚಿದಂತೆ ನೆಟ್ಟಗಾದವು. ಹೊಸದೇನೋ ಸಿಕ್ಕಿತೆಂದು ರೂಪಾಲಿ ಪೇಢೆ ಹಂಚಿದರು, ಪುಣೆಯ ಸಭೆಗೆ ಪ್ರಬಂಧ ಕಳಿಸಿದರು. ದೃಷ್ಟಿಯಿಂದ ಕೆಡದ ಕಂಬ ದೃಷ್ಟಿ ತೆಗೆಯಲು ಹೋಗಿ ಕೆಟ್ಟಿತ್ತು.

“ಪೇಢೆ ನಾನೂ ತಿಂದ್ನಲ್ರಿ. ಈಗ ಅದ ಎದಿಗೆ ನಿಂತೈತಿ.”

ಹೋದ ವಾರ ತಂತಿಯನ್ನು ಕಂಡವರು ರಿಪೇರಿ ನೋಡಿಕೊಳ್ಳುವ ಸಿಕಂದರ.

“ಅಕ್ಕಾ, ಕಂಬ ಅಂದ್ರ ನಿನ್ನ ಟಗರೇನ, ಕೊರಳಿಗೆ ಕಟ್ಟಾಕ?” ಎಂದು ಬೈದರು. ಬಿಚ್ಚಿ ಕೈಗಿಟ್ಟು, “ಕಡ್ಡಿ ತುಕ್ಕ ಹಿಡಿದಿತ್ತು ಅಂತ ಹೇಳ್ತೀನಿ. ನೀ ಸುಮ್ನಿರು. ಕೆಲಸ ಹೋದೀತು” ಎಂದರು.

“ತುಕ್ಕ ಹಿಡದದ್ದು ಕಡ್ಡಿಗಲ್ಲೋ ತಮ್ಮಾ.”

ಹೊತ್ತೇರಿದಾಗ ರೂಪಾಲಿ ಬರುತ್ತಾರೆ. ಸಂಗವ್ವ ಸೆರಗಿನ ಗಂಟು ಬಿಚ್ಚಿ ತಂತಿಯನ್ನು ಕೇಂದ್ರದ ಮೆಟ್ಟಿಲ ಮೇಲೆ ಇಟ್ಟು, ಮರಾಠಿಯಲ್ಲಿ ಎಲ್ಲ ಹೇಳುತ್ತಾರೆ. ಕೆಲಸದಿಂದ ತೆಗೆಯಿರಿ ಎಂದೂ ಸೇರಿಸುತ್ತಾರೆ. ರೂಪಾಲಿ ಅಲ್ಲೇ ಕೂತುಬಿಡುತ್ತಾರೆ. ಒಂದು ಕಂಬ ಮಾತ್ರ ಬೇರೆ ಹೇಳಿದಾಗ ತಾವೇ ಬಂದು ನೋಡಬೇಕಿತ್ತು, ಹಿಗ್ಗಿನಲ್ಲಿ ನೋಡಲಿಲ್ಲ ಎನ್ನುತ್ತಾರೆ. ಆಮೇಲೆ ಸಭೆಯವರಿಗೆ ಫೋನ್ ಮಾಡಿ ಪ್ರಬಂಧ ಹಿಂದಕ್ಕೆ ಪಡೆಯುತ್ತಾರೆ. ಕೆಲಸ ಉಳಿಯುತ್ತದೆ. ಇಬ್ಬರೂ ಮುಖ ನೋಡಿಕೊಳ್ಳುವುದಿಲ್ಲ.

ಇನ್ನೇನು ಬೇಕು ನಿಮಗೆ ಎಂದು ನಾನು ಕೇಳಿದರೆ ಸಂಗವ್ವ ಕುಡುಗೋಲು ಎತ್ತಿಕೊಳ್ಳುತ್ತಾರೆ.

“ಮೇಡಮ್ ಇನ್ನ ಯಾವ ಕಂಬಕ್ಕೂ ಚಲೋ ಅನಬಾರದ್ರಿ. ಅಂದರ ನನ್ನ ಕೈ ಸುಮ್ಮನ ಇರೂದಿಲ್ಲ.”